ರೈಟ್ ಬ್ಲಾಕರ್ ಇದ್ದರೂ ಒಂದೇ ಎಸ್‌ಎಸ್‌ಡಿಯ ಎರಡು ಇಮೇಜ್‌ಗಳ ಹ್ಯಾಶ್ ಬೇರೆ ಬೇರೆ: ತಪ್ಪು ಯಾರದು?

ಹೊಸಗಣ್ಣು

ಡಿಜಿಟಲ್ ಫೊರೆನ್ಸಿಕ್ಸ್ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು 256 ಜಿಬಿಯ ಹಳೆಯ ಸಾಟಾ ಎಸ್‌ಎಸ್‌ಡಿಯೊಂದಕ್ಕೆ ಚಿತ್ರಗಳನ್ನೂ ಕಡತಗಳನ್ನೂ ತುಂಬಿದೆ. ಅದನ್ನು ಡೆಸ್ಕ್‌ಟಾಪ್‌ನೊಳಗೇ ಜೋಡಿಸಿ, ವಿಂಡೋಸ್ 10ರಲ್ಲಿ ಕ್ವಿಕ್ ಫಾರ್ಮ್ಯಾಟ್ ಕೊಟ್ಟು, ತಕ್ಷಣ ಯಂತ್ರವನ್ನು ಆರಿಸಿದೆ. ಆಮೇಲೆ ಡಿಸ್ಕನ್ನು ಕಳಚಿ, ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಹಾರ್ಡ್‌ವೇರ್ ರೈಟ್ ಬ್ಲಾಕರ್‌ಗೆ ಸಿಕ್ಕಿಸಿ, ಎಫ್‌ಟಿಕೆ ಇಮೇಜರ್ ಎಂಬ ತಂತ್ರಾಂಶದಲ್ಲಿ ಇಡೀ ಡಿಸ್ಕಿನ ದತ್ತಾಂಶವನ್ನು ಹಿಡಿದಿಡುವ ಇ01 ಇಮೇಜ್ ತೆಗೆದೆ. ಬ್ಲಾಕರ್‌ನ ವಿದ್ಯುತ್ ತಪ್ಪಿಸದೆ ಒಂದೆರಡು ಗಂಟೆ ಬಿಟ್ಟು ಇನ್ನೊಂದು ಇಮೇಜ್ ತೆಗೆದೆ. ಎರಡೂ ಕಡತಗಳ ಎಸ್‌ಎಚ್‌ಎ-256 ಹ್ಯಾಶ್ (ದತ್ತಾಂಶದಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿದರೆ ಹೊಂದುತ್ತಿಲ್ಲ.

ಓದಿದ ಕಡೆಯಲ್ಲೆಲ್ಲ ರೈಟ್ ಬ್ಲಾಕರ್ ಇದ್ದರೆ ಮೂಲ ಸಾಕ್ಷ್ಯ ಬದಲಾಗುವುದಿಲ್ಲ ಎಂದೇ ಬರೆದಿದೆ. ಹಾಗಾದರೆ ಇಲ್ಲಿ ಕೆಟ್ಟಿರುವುದು ಬ್ಲಾಕರೋ, ತಂತ್ರಾಂಶವೋ, ಡಿಸ್ಕೋ?

ಹೆಕ್ಸ್‌ಓದುಗ

ಉತ್ತರಕ್ಕೆ ಮೊದಲು ನನ್ನದೊಂದು ಪ್ರಶ್ನೆ. ಯಾವುದರ ಹ್ಯಾಶ್ ಹೋಲಿಸುತ್ತಿದ್ದೀರಿ? ಎಫ್‌ಟಿಕೆ ಇಮೇಜರ್‌ನ 4ರ ಸರಣಿ ತಾನಾಗಿ ಲೆಕ್ಕ ಹಾಕುವುದು ಎಂಡಿ5 ಮತ್ತು ಎಸ್‌ಎಚ್‌ಎ-1. ನಿಮ್ಮ ಕೈಯಲ್ಲಿ ಎಸ್‌ಎಚ್‌ಎ-256 ಇದೆ ಎಂದರೆ ಬೇರೊಂದು ಸಲಕರಣೆಯಿಂದ ಇ01 ಕಡತದ ಮೇಲೆಯೇ ಹ್ಯಾಶ್ ಓಡಿಸಿರಬೇಕು.

ಇ01 ಎನ್ನುವುದು ಡಿಸ್ಕಿನ ನೇರ ಪ್ರತಿಯಲ್ಲ. ಆರಂಭದಲ್ಲಿ ಪ್ರಕರಣದ ಸಂಖ್ಯೆ, ಪರೀಕ್ಷಕರ ಹೆಸರು, ಇಮೇಜ್ ತೆಗೆದ ದಿನಾಂಕ ಮತ್ತು ವೇಳೆ ಇರುತ್ತವೆ. ಆಮೇಲೆ ಡಿಸ್ಕಿನ ದತ್ತಾಂಶ 64 ಸೆಕ್ಟರ್‌ಗಳ, ಅಂದರೆ 32 ಕೆಬಿಯ ತುಂಡುಗಳಾಗಿ, ಬೇಕಿದ್ದರೆ ಸಂಕುಚಿತಗೊಂಡು ಕೂರುತ್ತದೆ. ಪ್ರತಿ ತುಂಡಿಗೂ ಅದರದೇ ಚೆಕ್‌ಸಮ್ ಇರುತ್ತದೆ, ಕೊನೆಯಲ್ಲಿ ಇಡೀ ದತ್ತಾಂಶದ ಎಂಡಿ5. ಹೀಗಾಗಿ ಒಂದು ಬಿಟ್ ಕೂಡ ಬದಲಾಗದ ಡಿಸ್ಕಿನಿಂದ ಐದು ನಿಮಿಷದ ಅಂತರದಲ್ಲಿ ತೆಗೆದ ಎರಡು ಇ01 ಕಡತಗಳ ಹ್ಯಾಶ್ ಕೂಡ ಹೊಂದುವುದಿಲ್ಲ, ಏಕೆಂದರೆ ಒಳಗಿನ ವೇಳೆಯೇ ಬೇರೆ. ಇಮೇಜ್ ಪಕ್ಕದಲ್ಲಿ ಇಮೇಜರ್ ಬರೆದಿಡುವ ಪಠ್ಯ ಕಡತವನ್ನು ತೆರೆದು, ಅಲ್ಲಿರುವ ಎಂಡಿ5ಗಳನ್ನು ಹೋಲಿಸಿ.

ಹೊಸಗಣ್ಣು

ಧನ್ಯವಾದಗಳು. ಈಗ ಪಠ್ಯ ಕಡತಗಳನ್ನು ನೋಡಿದೆ. ಅಲ್ಲಿಯೂ ಎಂಡಿ5 ಬೇರೆ, ಎಸ್‌ಎಚ್‌ಎ-1 ಬೇರೆ. ಆದರೆ ಎರಡೂ ಇಮೇಜ್‌ಗಳು ತಮ್ಮಷ್ಟಕ್ಕೆ ಪರಿಶೀಲನೆಯಲ್ಲಿ ಉತ್ತೀರ್ಣವಾಗಿವೆ. ತೆಗೆದಾಗಿನ ಹ್ಯಾಶ್ ಮತ್ತು ಮರುಪರಿಶೀಲನೆಯ ಹ್ಯಾಶ್ ಒಂದೇ ಎಂದು ತೋರಿಸುತ್ತಿದೆ.

ವೇಗದೂತ

ಬ್ಲಾಕರ್ ಕೆಟ್ಟಿದೆ. ಬೇರೆ ತೆಗೆದುಕೊಳ್ಳಿ.

ಹಳೆಯ ತಟ್ಟೆ

ವೇಗದೂತರೇ, ಇಷ್ಟು ಬೇಗ ತೀರ್ಪು ಬೇಡ. ಬ್ಲಾಕರ್ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸಿಯೇ ಹೇಳಬಹುದು, ಅದಕ್ಕೆ ದೊಡ್ಡ ಪ್ರಯೋಗಶಾಲೆಯೂ ಬೇಡ.

ರೈಟ್ ಬ್ಲಾಕರ್ ಕಂಪ್ಯೂಟರ್‌ಗೂ ಡಿಸ್ಕಿಗೂ ನಡುವೆ ಕುಳಿತು ಬರುವ ಆದೇಶಗಳನ್ನು ಒಂದೊಂದಾಗಿ ನೋಡುತ್ತದೆ. "ನಿನ್ನ ಗುರುತು ಹೇಳು", "ಈ ಸೆಕ್ಟರ್ ಓದು" ಎಂಬಂಥವು ದಾಟಿ ಹೋಗುತ್ತವೆ. ಬರೆಯುವ, ಅಳಿಸುವ, ಸಂರಚನೆ ಬದಲಿಸುವ ಆದೇಶಗಳು ಅಲ್ಲೇ ಸಾಯುತ್ತವೆ. ಕೆಲವು ಬ್ಲಾಕರ್‌ಗಳು ದೋಷ ಹಿಂದಿರುಗಿಸುತ್ತವೆ. ಇನ್ನು ಕೆಲವು "ಬರೆದಾಯಿತು" ಎಂದು ಆಪರೇಟಿಂಗ್ ಸಿಸ್ಟಂಗೆ ಸುಳ್ಳು ಹೇಳಿ ಸುಮ್ಮನಾಗುತ್ತವೆ. ಎರಡನೆಯ ಬಗೆಯನ್ನು ಮೊದಲ ಸಲ ಕಂಡವರು ಗಾಬರಿಯಾಗುವುದು ಸಹಜ. ಡಿಸ್ಕಿಗೆ ಕಡತ ನಕಲಾದಂತೆಯೇ ಕಾಣುತ್ತದೆ, ಕಳಚಿ ಮತ್ತೆ ಜೋಡಿಸಿದರೆ ಕಡತ ಇರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತೆಗೆದುಕೊಳ್ಳಿ. ಇಡೀ ಡಿಸ್ಕಿನ ಹ್ಯಾಶ್ ಬರೆದಿಟ್ಟುಕೊಳ್ಳಿ. ಬ್ಲಾಕರ್ ಮೂಲಕ ಜೋಡಿಸಿ ಕಡತ ನಕಲು ಮಾಡಲು, ಅಳಿಸಲು, ಫಾರ್ಮ್ಯಾಟ್ ಮಾಡಲು ನಿಜವಾಗಿಯೂ ಪ್ರಯತ್ನಿಸಿ. ಮತ್ತೆ ಹ್ಯಾಶ್ ತೆಗೆಯಿರಿ. ಹೊಂದಿದರೆ ಬ್ಲಾಕರ್ ನಿರಪರಾಧಿ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಸಿಎಫ್‌ಟಿಟಿ ಯೋಜನೆಯವರು ಇದೇ ತತ್ವವನ್ನು ಬಹಳ ಕಟ್ಟುನಿಟ್ಟಾಗಿ ಅನ್ವಯಿಸಿ, ಬ್ಲಾಕರ್‌ಗಳ ಮತ್ತು ಇಮೇಜಿಂಗ್ ತಂತ್ರಾಂಶಗಳ ಪರೀಕ್ಷಾ ವರದಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ನಿಮ್ಮ ಮಾದರಿಯ ವರದಿ ಇದೆಯೇ ಹುಡುಕಿ.

ಇದರ ಜೊತೆಗೆ ಎರಡೂ ಇಮೇಜ್‌ಗಳ ಸೆಕ್ಟರ್ ಸಂಖ್ಯೆ ಒಂದೇ ಇದೆಯೇ ನೋಡಿ. ಎಟಿಎ ಡಿಸ್ಕುಗಳಲ್ಲಿ ಎಚ್‌ಪಿಎ ಮತ್ತು ಡಿಸಿಒ ಎಂಬ ಮರೆಮಾಡಿದ ಪ್ರದೇಶಗಳು ಇರಬಹುದು. ಒಂದು ಸಲ ಅವು ತೆರೆದಿದ್ದು ಇನ್ನೊಂದು ಸಲ ಮುಚ್ಚಿದ್ದರೆ ಗಾತ್ರವೇ ಬೇರೆಯಾಗುತ್ತದೆ. ಕೆಟ್ಟ ಸೆಕ್ಟರ್‌ಗಳ ಪಟ್ಟಿಯನ್ನೂ ನೋಡಿ. ಓದಲಾಗದ ಸೆಕ್ಟರ್ ಬಂದಾಗ ಇಮೇಜರ್ ಆ ಜಾಗದಲ್ಲಿ ಸೊನ್ನೆ ತುಂಬುತ್ತದೆ. ಸಾಯುತ್ತಿರುವ ಡಿಸ್ಕಿನಲ್ಲಿ ಒಮ್ಮೆ ಓದಿದ ಸೆಕ್ಟರ್ ಮತ್ತೊಮ್ಮೆ ಓದಿಸಿಕೊಳ್ಳದಿರುವುದು ತೀರಾ ಸಾಮಾನ್ಯ. ಅಂಥ ಡಿಸ್ಕಿಗೆ ಎಫ್‌ಟಿಕೆ ಇಮೇಜರ್ ಸೂಕ್ತವಲ್ಲ, ಗ್ನೂ ಡಿಡಿರೆಸ್ಕ್ಯೂ ಬೇಕು. ಅದು ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಹಟಮಾರಿ ಸೆಕ್ಟರ್‌ಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ವಿದ್ಯುತ್ ಹೋದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಫ್ಲ್ಯಾಶ್‌ಪುಟ

ಹಳೆಯ ತಟ್ಟೆ ಅವರು ಹೇಳಿದ್ದೆಲ್ಲ ಸರಿ, ಆದರೆ ಅವರ ಹೆಸರಿಗೆ ತಕ್ಕಂತೆ ತಟ್ಟೆಯ ಲೋಕದಲ್ಲೇ ನಿಂತುಬಿಟ್ಟಿದ್ದಾರೆ. ಇಲ್ಲಿರುವುದು ಎಸ್‌ಎಸ್‌ಡಿ, ಅದೂ ಕ್ವಿಕ್ ಫಾರ್ಮ್ಯಾಟ್ ಆದದ್ದು. ನನ್ನ ಅನುಮಾನವೆಲ್ಲ ಟ್ರಿಮ್ ಮೇಲೆ.

ಹಾರ್ಡ್ ಡಿಸ್ಕಿನಲ್ಲಿ ಕಡತ ಅಳಿಸಿದರೆ ಅದರ ಸೆಕ್ಟರ್‌ಗಳು ಅಲ್ಲೇ ಉಳಿಯುತ್ತವೆ, ಇನ್ನೇನಾದರೂ ಮೇಲೆ ಬರೆಯುವವರೆಗೆ. ಫ್ಲ್ಯಾಶ್ ಮೆಮೊರಿಯಲ್ಲಿ ಹಾಗಾಗುವುದಿಲ್ಲ. ಪುಟದ ಲೆಕ್ಕದಲ್ಲಿ ಬರೆಯಬಹುದು, ಆದರೆ ನೂರಾರು ಪುಟಗಳ ಬ್ಲಾಕ್ ಲೆಕ್ಕದಲ್ಲಿ ಮಾತ್ರ ಅಳಿಸಬಹುದು. ಬರೆದ ಪುಟದ ಮೇಲೆ ಅಳಿಸದೆ ಮತ್ತೆ ಬರೆಯುವಂತಿಲ್ಲ. ಹಾಗಾಗಿ ಡಿಸ್ಕಿನ ಕಂಟ್ರೋಲರ್ ಬಿಡುವಿದ್ದಾಗಲೆಲ್ಲ ಬೇಡವಾದ ಪುಟಗಳನ್ನು ಗುಡಿಸಿ ಖಾಲಿ ಬ್ಲಾಕ್‌ಗಳನ್ನು ಸಿದ್ಧಮಾಡಿಕೊಳ್ಳುತ್ತಿರುತ್ತದೆ. ಯಾವ ಪುಟ ಬೇಡ ಎಂದು ಅದಕ್ಕೆ ತಿಳಿಸುವ ಆದೇಶವೇ ಟ್ರಿಮ್. ವಿಂಡೋಸ್ 7ರಿಂದೀಚೆಗೆ ಕಡತ ಅಳಿಸಿದಾಗಲೂ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗಲೂ ಆಪರೇಟಿಂಗ್ ಸಿಸ್ಟಂ ಈ ಆದೇಶವನ್ನು ಕಳುಹಿಸುತ್ತದೆ.

ನೀವು ಫಾರ್ಮ್ಯಾಟ್ ಕೊಟ್ಟಾಗ ಆದೇಶ ಹೋಗಿಯಾಯಿತು. ಕೂಡಲೇ ಯಂತ್ರ ಆರಿಸಿದ್ದರಿಂದ ಗುಡಿಸುವ ಕೆಲಸ ಅರ್ಧಕ್ಕೆ ನಿಂತಿತು. ಬ್ಲಾಕರ್‌ಗೆ ಜೋಡಿಸಿದೊಡನೆ ಡಿಸ್ಕಿಗೆ ವಿದ್ಯುತ್ ಸಿಕ್ಕಿತು, ಕಂಟ್ರೋಲರ್ ತನ್ನ ಬಾಕಿ ಕೆಲಸ ಮುಂದುವರಿಸಿತು. ಬಾಗಿಲಿಗೆ ಬೀಗ ಹಾಕಿದರೆ ಹೊರಗಿನವರು ಒಳಗೆ ಬರುವುದಿಲ್ಲ, ಒಳಗಿರುವವರು ಕಸ ಗುಡಿಸುವುದನ್ನು ಬೀಗ ತಡೆಯುವುದಿಲ್ಲ.

ಆಸ್ಟ್ರೇಲಿಯದ ಮರ್ಡಾಕ್ ವಿಶ್ವವಿದ್ಯಾಲಯದ ಬೆಲ್ ಮತ್ತು ಬಾಡಿಂಗ್ಟನ್ ಎಂಬ ಸಂಶೋಧಕರು 2010ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಕ್ವಿಕ್ ಫಾರ್ಮ್ಯಾಟ್ ಆದ ಎಸ್‌ಎಸ್‌ಡಿ ನಿಮಿಷಗಳಲ್ಲೇ ತನ್ನನ್ನು ತಾನು ಬಹುಪಾಲು ಅಳಿಸಿಕೊಂಡಿತು, ರೈಟ್ ಬ್ಲಾಕರ್ ಇದ್ದರೂ ಅದು ನಿಲ್ಲಲಿಲ್ಲ.

ಎರಡು ಇಮೇಜ್‌ಗಳು ಎಲ್ಲಿ ಭಿನ್ನವಾಗಿವೆ ಎಂದು ನೋಡಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಎರಡನ್ನೂ ಕಚ್ಚಾ ರೂಪಕ್ಕೆ ಪರಿವರ್ತಿಸಿ. ಡಿಸಿಎಫ್‌ಎಲ್‌ಡಿಡಿ ಎಂಬ ಸಲಕರಣೆಯಲ್ಲಿ ಹ್ಯಾಶ್ ಕಿಟಕಿಯನ್ನು 1 ಎಂಬಿಗೆ ಇಟ್ಟರೆ ಪ್ರತಿ ಮೆಗಾಬೈಟ್‌ಗೂ ಒಂದು ಹ್ಯಾಶ್ ಬರುತ್ತದೆ. ಎರಡು ಪಟ್ಟಿಗಳನ್ನು ಹೋಲಿಸಿ. ಮತ್ತೆ, ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಮೂಲಕ ಡಿಸ್ಕಿನ ಗುರುತಿನ ವಿವರ ತೆಗೆದು, ಟ್ರಿಮ್ ಕುರಿತ ಸಾಲುಗಳನ್ನು ಇಲ್ಲಿ ಹಾಕಿ.

ಹೊಸಗಣ್ಣು

ಮಾಡಿದೆ. ಸೆಕ್ಟರ್ ಸಂಖ್ಯೆ ಒಂದೇ. ಓದುವ ದೋಷ ಒಂದೂ ಇಲ್ಲ. ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಬ್ಲಾಕರ್ ಪರೀಕ್ಷೆಯೂ ಆಯಿತು, ಹ್ಯಾಶ್ ಹೊಂದಿತು.

ಡಿಸ್ಕಿನ ಆರಂಭದ ಭಾಗ ಮತ್ತು ಹೊಸ ಎಂಎಫ್‌ಟಿ (ಕಡತಗಳ ಮುಖ್ಯ ಪಟ್ಟಿ) ಇರುವ ಜಾಗ ಎರಡೂ ಇಮೇಜ್‌ಗಳಲ್ಲಿ ಒಂದೇ. ವ್ಯತ್ಯಾಸ ಇರುವುದೆಲ್ಲ ಹಂಚಿಕೆಯಾಗದ ಪ್ರದೇಶದಲ್ಲಿ, ಅಂದರೆ ಯಾವ ಕಡತಕ್ಕೂ ಸೇರದ ಜಾಗದಲ್ಲಿ. ಹೆಕ್ಸ್ ನೋಟದಲ್ಲಿ ನೋಡಿದ ಕಡೆಯೆಲ್ಲ ಒಂದೇ ಮಾದರಿ: ಮೊದಲ ಇಮೇಜ್‌ನಲ್ಲಿ ದತ್ತಾಂಶ ಇದೆ, ಎರಡನೆಯದರಲ್ಲಿ ಸೊನ್ನೆ. ತಿರುಗುಮುರುಗು ಎಲ್ಲಿಯೂ ಇಲ್ಲ.

ಎಚ್‌ಡಿಪಾರ್ಮ್‌ನಲ್ಲಿ ಟ್ರಿಮ್ ಬೆಂಬಲ ಇದೆ ಎಂಬ ಒಂದೇ ಸಾಲು ಬಂತು.

ಫ್ಲ್ಯಾಶ್‌ಪುಟ

ಆ ಒಂದೇ ಸಾಲು ಬಂದಿರುವುದೇ ಇಲ್ಲಿ ಮುಖ್ಯ. ಕೆಲವು ಡಿಸ್ಕುಗಳಲ್ಲಿ ಅದರ ಕೆಳಗೆ "ಟ್ರಿಮ್ ನಂತರ ನಿಶ್ಚಿತ ಓದು" ಅಥವಾ "ಟ್ರಿಮ್ ನಂತರ ನಿಶ್ಚಿತವಾಗಿ ಸೊನ್ನೆ" ಎಂಬರ್ಥದ ಇನ್ನೊಂದು ಸಾಲು ಇರುತ್ತದೆ. ಸೊನ್ನೆಯ ಭರವಸೆ ಕೊಡುವ ಡಿಸ್ಕಿನಲ್ಲಿ ಟ್ರಿಮ್ ಆದ ಸೆಕ್ಟರನ್ನು ಓದಿದರೆ, ಒಳಗಿನ ಫ್ಲ್ಯಾಶ್ ಇನ್ನೂ ಅಳಿಯದಿದ್ದರೂ ಕಂಟ್ರೋಲರ್ ಸೊನ್ನೆಯನ್ನೇ ಒಪ್ಪಿಸುತ್ತದೆ. ಅಂಥದ್ದಾಗಿದ್ದರೆ ನಿಮ್ಮ ಎರಡೂ ಇಮೇಜ್‌ಗಳು ಹೊಂದುತ್ತಿದ್ದವು, ಎರಡರಲ್ಲೂ ಚಿತ್ರಗಳು ಇರುತ್ತಿರಲಿಲ್ಲ. ನಿಮ್ಮ ಡಿಸ್ಕ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅಳಿಯುವವರೆಗೆ ಹಳೆಯದು, ಅಳಿದ ಮೇಲೆ ಸೊನ್ನೆ.

ಇದನ್ನೇ ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಫಾರ್ಮ್ಯಾಟ್ ಮಾಡಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು. ಟ್ರಿಮ್ ಆದೇಶವನ್ನು ದಾಟಿಸದ ಪೆಟ್ಟಿಗೆಗಳು ಬೇಕಾದಷ್ಟಿವೆ. ಅಂಥ ಸಂದರ್ಭದಲ್ಲಿ ಎಸ್‌ಎಸ್‌ಡಿಯಲ್ಲಿಯೂ ಅಳಿಸಿದ ಕಡತಗಳು ದೀರ್ಘಕಾಲ ಉಳಿಯುತ್ತವೆ. "ಎಸ್‌ಎಸ್‌ಡಿಯಿಂದ ಏನೂ ಸಿಗುವುದಿಲ್ಲ" ಎಂದು ಕೈಚೆಲ್ಲುವವರು ಇದನ್ನು ಮರೆಯುತ್ತಾರೆ.

ಕಡತಪಾಲ

ನಾನು ವರದಿಗಳನ್ನು ಓದುವ ಕಡೆಯವನು, ತಂತ್ರಜ್ಞನಲ್ಲ. ಒಂದು ಸಂದೇಹ. ಮೂಲ ಡಿಸ್ಕ್ ತಾನಾಗಿಯೇ ಬದಲಾಗುತ್ತದೆ ಎಂದಾದರೆ ಹ್ಯಾಶ್‌ಗೆ ಬೆಲೆ ಏನು? ಎದುರು ಪಕ್ಷದ ವಕೀಲರು ಮೂಲವನ್ನು ಮತ್ತೆ ಹ್ಯಾಶ್ ಮಾಡಿಸಿ ಹೊಂದುತ್ತಿಲ್ಲ ಎಂದು ತೋರಿಸಿದರೆ ಇಡೀ ಸಾಕ್ಷ್ಯವೇ ಬಿದ್ದುಹೋಗುವುದಿಲ್ಲವೇ?

ಹೆಕ್ಸ್‌ಓದುಗ

ಕಡತಪಾಲರೇ, ಹ್ಯಾಶ್ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂದು ಬೇರ್ಪಡಿಸಬೇಕು. ಇಮೇಜ್ ತೆಗೆದ ಗಳಿಗೆಯಿಂದ ಈವರೆಗೆ ಆ ಇಮೇಜ್ ಬದಲಾಗಿಲ್ಲ ಎಂದು ಅದು ಹೇಳುತ್ತದೆ. ಡಿಸ್ಕ್ ಬದಲಾಗಿಲ್ಲ ಎಂದು ಹೇಳುವುದಿಲ್ಲ, ಇಮೇಜ್ ತೆಗೆಯುವ ಮೊದಲು ಯಾರೂ ಕೈಯಾಡಿಸಿಲ್ಲ ಎಂದಂತೂ ಹೇಳುವುದೇ ಇಲ್ಲ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ನಾವೆಲ್ಲ ಆ ವ್ಯತ್ಯಾಸವನ್ನು ಮರೆತು ಆರಾಮವಾಗಿದ್ದೆವು.

ಎಸ್‌ಎಸ್‌ಡಿಯಲ್ಲಿ ಮೊದಲ ಇಮೇಜೇ ಸಾಕ್ಷ್ಯ. ಡಿಸ್ಕ್ ಯಾವ ಬಗೆಯದು, ಟ್ರಿಮ್ ಬೆಂಬಲ ಹೇಗಿದೆ, ಎಷ್ಟು ಹೊತ್ತಿಗೆ ವಿದ್ಯುತ್ ಕೊಡಲಾಯಿತು, ಎಷ್ಟು ಹೊತ್ತಿಗೆ ಇಮೇಜ್ ಶುರುವಾಯಿತು ಎಂಬುದನ್ನು ವರದಿಯಲ್ಲಿ ಮೊದಲೇ ಬರೆದುಬಿಟ್ಟರೆ ಪಾಟೀಸವಾಲಿನಲ್ಲಿ ತಡವರಿಸಬೇಕಾಗಿಲ್ಲ. ಎರಡನೆಯ ಇಮೇಜ್‌ನ ಜೀವಂತ ಕಡತಗಳ ಹ್ಯಾಶ್‌ಗಳನ್ನು ಮೊದಲನೆಯದರ ಜೊತೆ ಒಂದೊಂದಾಗಿ ಹೋಲಿಸಿ ತೋರಿಸಬಹುದು. ಅವು ಹೊಂದುತ್ತವೆ.

ಎಂಡಿ5 ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಯಾರಾದರೂ ಎತ್ತಿಯೇ ಎತ್ತುತ್ತಾರೆ. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಒಂದೇ ಎಂಡಿ5 ಬರುವ ಎರಡು ಬೇರೆ ದತ್ತಾಂಶಗಳನ್ನು ತೋರಿಸಿದರು. 2017ರಲ್ಲಿ ಗೂಗಲ್ ಮತ್ತು ನೆದರ್ಲೆಂಡ್ಸ್‌ನ ಸಿಡಬ್ಲ್ಯುಐ ಸಂಸ್ಥೆ ಎಸ್‌ಎಚ್‌ಎ-1ಕ್ಕೂ ಅದನ್ನೇ ಮಾಡಿದವು. ಎರಡು ಕಡತಗಳನ್ನೂ ಒಬ್ಬರೇ ಯೋಜಿಸಿ ಕಟ್ಟಿದಾಗ ಅದು ಸಾಧ್ಯ. ಈಗಾಗಲೇ ಇರುವ ನಿಮ್ಮ ಇಮೇಜ್‌ನ ಎಂಡಿ5ಗೆ ಹೊಂದುವ ಇನ್ನೊಂದು ಇಮೇಜ್ ಹುಟ್ಟಿಸುವುದು ಬೇರೆಯೇ ಸಮಸ್ಯೆ, ಅದು ಈವರೆಗೂ ಯಾರಿಗೂ ಕಾರ್ಯತಃ ಸಾಧ್ಯವಾಗಿಲ್ಲ. ಆದರೂ ಎಸ್‌ಎಚ್‌ಎ-256 ಕೂಡ ತೆಗೆದಿಡಿ. ವಾದ ಬೆಳೆಸುವುದಕ್ಕಿಂತ ಅದು ಸುಲಭ.

ಹೊಸಗಣ್ಣು

ಎಲ್ಲರಿಗೂ ಧನ್ಯವಾದಗಳು. ಇದೇ ಎಳೆಯಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ಮುಂದೆ ಯಾವ ಸಲಕರಣೆ ಕಲಿಯಲಿ? ಹಣ ಕೊಟ್ಟು ಕೊಳ್ಳುವ ಎನ್‌ಕೇಸ್, ಆಕ್ಸಿಯಂ ಕಲಿತರೆ ಕೆಲಸ ಸಿಗುತ್ತದೆ ಎಂದು ಕೆಲವರು, ಉಚಿತವಾದ ಆಟಾಪ್ಸಿ ಸಾಕು ಎಂದು ಕೆಲವರು ಹೇಳುತ್ತಾರೆ.

ವೇಗದೂತ

ದುಡ್ಡು ಕೊಟ್ಟದ್ದೇ ನ್ಯಾಯಾಲಯದಲ್ಲಿ ನಿಲ್ಲುವುದು. ಉಚಿತ ತಂತ್ರಾಂಶಕ್ಕೆ ಯಾರು ಹೊಣೆ?

ಹೆಕ್ಸ್‌ಓದುಗ

ಇದನ್ನು ನಾನು ಒಪ್ಪುವುದಿಲ್ಲ, ಕಾರಣವನ್ನೂ ಕೊಡುತ್ತೇನೆ.

2011ರಲ್ಲಿ ಫ್ಲೋರಿಡಾದಲ್ಲಿ ನಡೆದ, ಮಗಳನ್ನು ಕೊಂದ ಆರೋಪ ಹೊತ್ತಿದ್ದ ಕೇಸಿ ಆಂಥನಿಯ ಮೊಕದ್ದಮೆಯಲ್ಲಿ, ಮನೆಯ ಕಂಪ್ಯೂಟರ್‌ನಿಂದ ಕ್ಲೋರೋಫಾರ್ಮ್ ಕುರಿತ ಪುಟಕ್ಕೆ 84 ಸಲ ಭೇಟಿ ಕೊಡಲಾಗಿತ್ತು ಎಂದು ಪ್ರಾಸಿಕ್ಯೂಷನ್ ಹೇಳಿತು. ಆ ಸಂಖ್ಯೆ ಕೊಟ್ಟದ್ದು ಕ್ಯಾಶ್‌ಬ್ಯಾಕ್ ಎಂಬ ತಂತ್ರಾಂಶ. ಅದೇ ಇತಿಹಾಸ ಕಡತವನ್ನು ಮೊದಲೇ ನೆಟ್‌ಅನಾಲಿಸಿಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ನೋಡಲಾಗಿತ್ತು. ಅದು ತೋರಿಸಿದ್ದು 1 ಭೇಟಿ. 84 ಎಂಬುದು ಬೇರೊಂದು ತಾಣದ ಲೆಕ್ಕ. ಹಳೆಯ ಫೈರ್‌ಫಾಕ್ಸ್ ಬಳಸುತ್ತಿದ್ದ ಮಾರ್ಕ್ ಎಂಬ ವಿಚಿತ್ರ ಕಡತ ವಿನ್ಯಾಸವನ್ನು ಕ್ಯಾಶ್‌ಬ್ಯಾಕ್ ತಪ್ಪಾಗಿ ಓದಿತ್ತು. ಎರಡೂ ಹಣ ಕೊಟ್ಟು ಕೊಳ್ಳುವ ಸಲಕರಣೆಗಳೇ. ತಪ್ಪನ್ನು ಕಂಡುಹಿಡಿದು ಹೇಳಿದವರು ಕ್ಯಾಶ್‌ಬ್ಯಾಕ್ ಬರೆದವರೇ, ಕಡತವನ್ನು ಮತ್ತೆ ಬೈಟ್ ಬೈಟಾಗಿ ಓದಿದ ಮೇಲೆ.

ಸಲಕರಣೆ ಒಂದು ಅರ್ಥ ಹೇಳುವ ಯಂತ್ರ. ಪರದೆಯ ಮೇಲಿನ ಪಟ್ಟಿಯಲ್ಲಿ ಕಾಣುವುದು ಅದರ ಅಭಿಪ್ರಾಯ, ಡಿಸ್ಕಿನ ಮೇಲಿರುವುದು ಬರೀ ಬೈಟ್‌ಗಳು. ವೇಳೆಯನ್ನೇ ತೆಗೆದುಕೊಳ್ಳಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ 1601ರ ಜನವರಿ 1ರಿಂದ 100 ನ್ಯಾನೋಸೆಕೆಂಡ್‌ಗಳ ಲೆಕ್ಕದಲ್ಲಿ ಎಣಿಸುತ್ತದೆ. ಯುನಿಕ್ಸ್ 1970ರಿಂದ ಸೆಕೆಂಡ್‌ಗಳಲ್ಲಿ. ಕ್ರೋಮ್ ಇತಿಹಾಸದಲ್ಲಿ 1601ರಿಂದಲೇ, ಆದರೆ ಮೈಕ್ರೋಸೆಕೆಂಡ್‌ಗಳಲ್ಲಿ. ಆಪಲ್‌ನ ಅನೇಕ ದತ್ತಸಂಚಯಗಳು 2001ರಿಂದ ಎಣಿಸುತ್ತವೆ. ಯುನಿಕ್ಸ್ ಲೆಕ್ಕಕ್ಕೂ ಆಪಲ್ ಲೆಕ್ಕಕ್ಕೂ ನಡುವಿನ ಅಂತರ 97,83,07,200 ಸೆಕೆಂಡ್. ಆಪಲ್ ವೇಳೆಯನ್ನು ಯುನಿಕ್ಸ್ ಎಂದು ಓದಿದರೆ ಘಟನೆ 31 ವರ್ಷ ಹಿಂದಕ್ಕೆ ಹೋಗುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಪುಣ್ಯ. ಸ್ಥಳೀಯ ವೇಳೆಯೋ ಯುಟಿಸಿ ಎಂಬ ಜಾಗತಿಕ ವೇಳೆಯೋ ಎಂಬ ಕೆಲವೇ ಗಂಟೆಗಳ ತಪ್ಪು ಹೊಡೆಯುವುದಿಲ್ಲ, ಕೇಸನ್ನು ಕೆಡಿಸುವುದು ಅದೇ.

ಹಾಗಾಗಿ ನನ್ನ ಸಲಹೆ: ಮೊದಲು ಸ್ಲೂತ್ ಕಿಟ್. ಬ್ರಿಯಾನ್ ಕ್ಯಾರಿಯರ್ ಬರೆದ ಆದೇಶಸಾಲಿನ ಸಲಕರಣೆಗಳವು, ಆಟಾಪ್ಸಿಯ ಒಳಗಿರುವುದೂ ಅದೇ ಎಂಜಿನ್. ಒಂದು ಎಂಎಫ್‌ಟಿ ದಾಖಲೆಯನ್ನು, ಅದು ಬರೀ 1024 ಬೈಟ್, ಹೆಕ್ಸ್ ಸಂಪಾದಕದಲ್ಲಿ ನೀವೇ ಓದಿ. ಅದರಲ್ಲಿ ವೇಳೆಗಳು ಎರಡು ಕಡೆ ಇರುತ್ತವೆ, ಸ್ಟ್ಯಾಂಡರ್ಡ್ ಇನ್ಫರ್ಮೇಷನ್ ಮತ್ತು ಫೈಲ್ ನೇಮ್ ಎಂಬ ಎರಡು ಗುಣಲಕ್ಷಣಗಳಲ್ಲಿ. ವೇಳೆಯನ್ನು ತಿದ್ದುವ ಸಾಮಾನ್ಯ ಚೇಷ್ಟೆಗಳು ಮೊದಲನೆಯದನ್ನು ಮಾತ್ರ ಮುಟ್ಟುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಅಲ್ಲಿ ನಿಲ್ಲಿ. ಕಡತವನ್ನು ಬರೀ ಸ್ಥಳಾಂತರಿಸಿದಾಗಲೂ ವ್ಯತ್ಯಾಸ ಬರಬಹುದು, ಅದನ್ನೂ ನೆನಪಿಡಿ. ಇಷ್ಟು ಗೊತ್ತಾದ ಮೇಲೆ ಯಾವ ಸಲಕರಣೆಯಾದರೂ ವಾರದಲ್ಲಿ ಕೈಗೆ ಹತ್ತುತ್ತದೆ.

ಕಪ್ಪುಪೆಟ್ಟಿಗೆ

ಹೆಕ್ಸ್‌ಓದುಗರ ಮಾತು ಸೊಗಸಾಗಿದೆ, ಆದರೆ ನಲವತ್ತು ಫೋನ್‌ಗಳೂ ಹತ್ತು ಲ್ಯಾಪ್‌ಟಾಪ್‌ಗಳೂ ಮೇಜಿನ ಮೇಲೆ ರಾಶಿ ಬಿದ್ದಾಗ ಯಾರೂ ಹೆಕ್ಸ್ ಓದುತ್ತಾ ಕೂರುವುದಿಲ್ಲ. ಆಕ್ಸಿಯಂನಂಥದ್ದು ನೂರಾರು ಬಗೆಯ ಕುರುಹುಗಳನ್ನು ರಾತ್ರಿಯಿಡೀ ಹೆಕ್ಕಿ ಬೆಳಗ್ಗೆ ಜೋಡಿಸಿಟ್ಟಿರುತ್ತದೆ. ಹಣ ಕೊಡುವುದು ಆ ಸಮಯಕ್ಕೆ. ಹೆಕ್ಸ್ ಬೇಕಾಗುವುದು ಇಡೀ ಪ್ರಕರಣ ನಿಂತಿರುವ ಮೂರು ನಾಲ್ಕು ಕುರುಹುಗಳಿಗೆ ಮಾತ್ರ.

ಫೋನ್ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ನಾನು ದಿನವೂ ನೋಡುವುದು ಅದನ್ನೇ. ಹಿಂದೆ ಮೆಮೊರಿ ಚಿಪ್ ಕಿತ್ತು ಓದುವ ಚಿಪ್-ಆಫ್ ವಿಧಾನ ಬ್ರಹ್ಮಾಸ್ತ್ರದಂತಿತ್ತು. ಆಂಡ್ರಾಯ್ಡ್ 10ರಿಂದ ಹೊಸ ಸಾಧನಗಳಿಗೆಲ್ಲ ಕಡತಮಟ್ಟದ ಗೂಢಲಿಪೀಕರಣ ಕಡ್ಡಾಯವಾದ ಮೇಲೆ ಕಿತ್ತ ಚಿಪ್‌ನಲ್ಲಿ ಸಿಗುವುದು ಅರ್ಥವಿಲ್ಲದ ಬೈಟ್‌ಗಳ ರಾಶಿ. ಈಗ ಮುಖ್ಯವಾದ ಪ್ರಶ್ನೆ ಒಂದೇ: ಫೋನ್ ಆನ್ ಆದ ಮೇಲೆ ಒಮ್ಮೆಯಾದರೂ ಬೀಗ ತೆರೆದಿತ್ತೇ? ತೆರೆದಿದ್ದರೆ ಬಹುಪಾಲು ಕೀಲಿಗಳು ಮೆಮೊರಿಯಲ್ಲಿರುತ್ತವೆ. ಸೆಲೆಬ್ರೈಟ್, ಗ್ರೇಕೀ, ಎಕ್ಸ್‌ಆರ್‌ವೈ ಎಂಬ ಫೋನ್ ತೆರೆದು ಓದುವ ಸಲಕರಣೆಗಳಲ್ಲಿ ಯಾವುದೇ ಇರಲಿ, ಕೆಲಸ ಮಾಡಲು ಅವಕ್ಕೊಂದು ಅವಕಾಶ ಇರುತ್ತದೆ. ಮರುಪ್ರಾರಂಭವಾಗಿದ್ದರೆ ಸಿಗುವುದು ಅತ್ಯಲ್ಪ. ವಶಪಡಿಸಿಕೊಂಡವರು ಒಳ್ಳೆಯ ಉದ್ದೇಶದಿಂದಲೇ ಫೋನ್ ಆಫ್ ಮಾಡಿ ತಂದುಕೊಟ್ಟಾಗ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಐಒಎಸ್ 18ರ ಸರಣಿಯಲ್ಲಿ ಆಪಲ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲವು ದಿನ ಬೀಗ ತೆರೆಯದೆ ಬಿಟ್ಟರೆ ಫೋನ್ ತಾನಾಗಿಯೇ ಮರುಪ್ರಾರಂಭವಾಗುತ್ತದೆ. ಕಪಾಟಿನಲ್ಲಿಟ್ಟು ಸರದಿಗಾಗಿ ಕಾಯುವ ಕಾಲ ಮುಗಿಯಿತು.

ರೇಡಿಯೊ ಸಂಕೇತಗಳನ್ನು ತಡೆಯುವ ಫ್ಯಾರಡೆ ಚೀಲದಲ್ಲಿಟ್ಟರೆ ದೂರದಿಂದ ಅಳಿಸುವ ಆದೇಶ ತಲುಪುವುದಿಲ್ಲ, ನಿಜ. ಆದರೆ ಒಳಗಿರುವ ಫೋನ್ ನೆಟ್‌ವರ್ಕ್ ಹುಡುಕುತ್ತಲೇ ಬ್ಯಾಟರಿ ಬರಿದುಮಾಡಿಕೊಳ್ಳುತ್ತದೆ. ಚೀಲದೊಳಗೇ ಪವರ್ ಬ್ಯಾಂಕ್ ಇಡಿ.

ವೇಗದೂತರಿಗೆ ಇನ್ನೊಂದು ಮಾತು. 2021ರ ಏಪ್ರಿಲ್‌ನಲ್ಲಿ ಸಿಗ್ನಲ್ ಸಂದೇಶ ಆ್ಯಪ್‌ನ ಮಾಕ್ಸಿ ಮಾರ್ಲಿನ್‌ಸ್ಪೈಕ್ ಅವರು ಸೆಲೆಬ್ರೈಟ್ ತಂತ್ರಾಂಶದೊಳಗೆ 2012ರಲ್ಲಿ ಕಟ್ಟಿದ, ಆಮೇಲೆ ನವೀಕರಿಸದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವೀಡಿಯೊ ತಂತ್ರಾಂಶದ ಭಾಗಗಳಿವೆ ಎಂದು ಬಯಲು ಮಾಡಿದರು. ಫೋನಿನಲ್ಲಿ ಕುತಂತ್ರದ ಕಡತವೊಂದನ್ನಿಟ್ಟರೆ ಅದನ್ನು ಓದುವ ಸಲಕರಣೆಯನ್ನೇ ವಶಪಡಿಸಿಕೊಂಡು ವರದಿಗಳನ್ನು ತಿದ್ದಬಹುದು ಎಂಬುದು ಅವರ ವಾದ. ದುಬಾರಿ ಸಲಕರಣೆಯ ಒಳಗೂ ಹಳೆಯ ಉಚಿತ ಭಾಗಗಳೇ ಇರುತ್ತವೆ.

ಹಳೆಯ ತಟ್ಟೆ

ಫೋನ್ ಆಫ್ ಮಾಡಬೇಡಿ ಎನ್ನುವುದು ಸರಿ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನನ್ನ ನಿಲುವು ಹಳೆಯದೇ. ಹಿಂದಿನಿಂದ ವೈರ್ ಎಳೆಯಿರಿ. ಓಡುತ್ತಿರುವ ಯಂತ್ರವನ್ನು ಮುಟ್ಟಿದಷ್ಟೂ ಸಾಕ್ಷ್ಯ ಕೆಡುತ್ತದೆ.

ನೆನಪಿನಗಣಿ

ಇಷ್ಟು ಹೊತ್ತು ಓದುತ್ತಿದ್ದೆ, ಈ ಸಾಲಿಗೆ ಸುಮ್ಮನಿರಲಾಗಲಿಲ್ಲ. ವೈರ್ ಎಳೆದ ಕ್ಷಣ, ಡಿಸ್ಕನ್ನು ಗೂಢಲಿಪೀಕರಿಸುವ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್‌ನ ಕೀಲಿ ರ‍್ಯಾಮ್‌ನೊಂದಿಗೆ ಹೋಗುತ್ತದೆ. ಆಮೇಲೆ ನಿಮ್ಮ ಪರಿಶುದ್ಧ ಡಿಸ್ಕ್ ಇಮೇಜ್ ಪರಿಶುದ್ಧ ಕಸ. ಸಾಕ್ಷ್ಯವನ್ನು ಬೇಗ ಮಾಯವಾಗುವುದರಿಂದ ನಿಧಾನವಾಗಿ ಮಾಯವಾಗುವುದರ ಕಡೆಗೆ ಸಂಗ್ರಹಿಸಬೇಕೆಂದು 2002ರ ಆರ್‌ಎಫ್‌ಸಿ 3227 ಎಂಬ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ: ಮೊದಲು ರಿಜಿಸ್ಟರ್ ಮತ್ತು ಕ್ಯಾಶ್, ಆಮೇಲೆ ನೆಟ್‌ವರ್ಕ್ ಕೋಷ್ಟಕ, ಪ್ರಕ್ರಿಯೆಗಳು, ಮೆಮೊರಿ, ಡಿಸ್ಕ್ ಬರುವುದು ಅವುಗಳ ನಂತರ.

ಮೆಮೊರಿಯ ಪ್ರತಿ ತೆಗೆಯಲು ವಿಂಡೋಸ್‌ನಲ್ಲಿ ವಿನ್‌ಪಿಮೆಮ್ ಅಥವಾ ಡಂಪ್‌ಇಟ್, ಲಿನಕ್ಸ್‌ನಲ್ಲಿ ಲೈಮ್ ಅಥವಾ ಎವಿಎಂಎಲ್. ಇವು ಓಡಿದರೆ ಮೆಮೊರಿಯ ಒಂದಿಷ್ಟು ಪುಟಗಳು ಬದಲಾಗುತ್ತವೆ, ಒಪ್ಪುತ್ತೇನೆ. 32 ಜಿಬಿ ಓದಿ ಮುಗಿಸುವಷ್ಟರಲ್ಲಿ ಆರಂಭದಲ್ಲಿ ಓದಿದ ಪುಟಕ್ಕೂ ಕೊನೆಯ ಪುಟಕ್ಕೂ ತಾಳೆ ತಪ್ಪಿರಬಹುದು. ಯಾವ ಸಲಕರಣೆಯನ್ನು ಎಷ್ಟು ಹೊತ್ತಿಗೆ ಓಡಿಸಿದಿರಿ ಎಂದು ಬರೆದಿಟ್ಟರೆ ಆ ಬದಲಾವಣೆಗೆ ವಿವರಣೆ ಇರುತ್ತದೆ. ಕಳೆದುಹೋದ ಕೀಲಿಗೆ ವಿವರಣೆ ಕೊಟ್ಟು ಏನು ಪ್ರಯೋಜನ?

ಕೀಲಿ ಮಾತ್ರವಲ್ಲ. ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲೇ ಬದುಕುವ ದುರುದ್ದೇಶದ ತಂತ್ರಾಂಶವನ್ನು ಇನ್ನೆಲ್ಲಿ ಹುಡುಕುತ್ತೀರಿ? ಮೆಮೊರಿ ಪ್ರತಿಯನ್ನು ವಿಶ್ಲೇಷಿಸುವ ವೊಲಾಟಿಲಿಟಿಯಲ್ಲಿ ಪಿಎಸ್‌ಲಿಸ್ಟ್ ಎಂಬ ಪ್ಲಗಿನ್ ವಿಂಡೋಸ್ ಕರ್ನಲ್ ಇಟ್ಟುಕೊಂಡಿರುವ ಪ್ರಕ್ರಿಯೆಗಳ ಸರಪಳಿಯನ್ನು ಹಿಡಿದು ನಡೆಯುತ್ತದೆ. ಪಿಎಸ್‌ಸ್ಕ್ಯಾನ್ ಸರಪಳಿಯನ್ನು ನಂಬದೆ ಇಡೀ ಮೆಮೊರಿಯನ್ನು ಜಾಲಾಡಿ ಪ್ರಕ್ರಿಯೆಯ ಗುರುತಿರುವ ರಚನೆಗಳನ್ನು ಹುಡುಕುತ್ತದೆ. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಕಂಡರೆ, ಅದು ಮುಗಿದುಹೋದ ಪ್ರಕ್ರಿಯೆ, ಇಲ್ಲವೇ ಸರಪಳಿಯಿಂದ ತನ್ನನ್ನು ಬಿಡಿಸಿಕೊಂಡು ಅಡಗಿರುವುದು. ನಿರ್ಗಮನದ ವೇಳೆ ದಾಖಲಾಗಿದೆಯೇ ಎಂದು ನೋಡಿದರೆ ಯಾವುದು ಎಂಬ ಸುಳಿವು ಸಿಗುತ್ತದೆ.

ಹಳೆಯ ತಟ್ಟೆ

ಗೂಢಲಿಪೀಕರಣ ಇದ್ದರೆ ನಿಮ್ಮ ದಾರಿಯೇ ಸರಿ. ಪರದೆಯ ಮೇಲೆ ಅಳಿಸುವ ತಂತ್ರಾಂಶ ಓಡುತ್ತಿರುವುದು ಕಂಡರೆ ಮಾತ್ರ ನಾನು ಈಗಲೂ ವೈರನ್ನೇ ಎಳೆಯುತ್ತೇನೆ.

ನೆನಪಿನಗಣಿ

ಅಲ್ಲಿ ನಾನೂ ಎಳೆಯುತ್ತೇನೆ.

ಕಪ್ಪುಪೆಟ್ಟಿಗೆ

ಸಣ್ಣದೊಂದು ಸೇರಿಸಬೇಕಿತ್ತು. ಸಂದೇಶ ಆ್ಯಪ್‌ಗಳ ಎಸ್‌ಕ್ಯುಲೈಟ್ ದತ್ತಸಂಚಯಗಳನ್ನು ನಕಲು ಮಾಡುವಾಗ ಪಕ್ಕದಲ್ಲಿರುವ ವಾಲ್ ಕಡತವನ್ನು ಬಿಟ್ಟು ಬರಬೇಡಿ. ಇತ್ತೀಚಿನ ಬರಹಗಳು ಮುಖ್ಯ ಕಡತಕ್ಕೆ ಸೇರುವ ಮೊದಲು ಅಲ್ಲಿರುತ್ತವೆ. ಅಳಿಸಿದ ಸಂದೇಶದ ಹಳೆಯ ಪ್ರತಿಯೂ ಕೆಲವೊಮ್ಮೆ ಅಲ್ಲೇ ಸಿಗುತ್ತದೆ. ಸಾಮಾನ್ಯ ವೀಕ್ಷಕ ತಂತ್ರಾಂಶದಲ್ಲಿ ತೆರೆದು ಮುಚ್ಚಿದರೆ ಅದು ಎರಡನ್ನೂ ವಿಲೀನಗೊಳಿಸಿ ವಾಲ್ ಕಡತವನ್ನು ಅಳಿಸಿಬಿಡುತ್ತದೆ. ತೆರೆಯುವುದು ಯಾವಾಗಲೂ ನಕಲಿನ ನಕಲನ್ನು.

ಲಿನಕ್ಸ್ ಬಳಸುವವರಿಗೂ ಇಂಥದೇ ಒಂದು ಎಚ್ಚರಿಕೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿದರೂ, ಜರ್ನಲ್‌ನಲ್ಲಿ ಬಾಕಿ ಬರಹ ಇದ್ದರೆ ಕರ್ನಲ್ ಅದನ್ನು ಡಿಸ್ಕಿಗೆ ಬರೆಯುತ್ತದೆ. ನೋಲೋಡ್ ಆಯ್ಕೆಯನ್ನೂ ಕೊಡಿ.

ಹೊಸಗಣ್ಣು

ಮೊದಲ ಇಮೇಜ್ ಮೇಲೆ, ಅಳಿಸಿದ ಕಡತಗಳನ್ನು ಹೆಕ್ಕುವ ಫೋಟೋರೆಕ್ ಓಡಿಸಿದೆ. ಸಾಕಷ್ಟು ಚಿತ್ರಗಳು ಬಂದವು, ಆದರೆ ಒಂದಕ್ಕೂ ಮೂಲ ಹೆಸರಿಲ್ಲ. ಕೆಲವು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗಿವೆ.

ಫ್ಲ್ಯಾಶ್‌ಪುಟ

ಅದು ಕಡತ ವ್ಯವಸ್ಥೆಯನ್ನು ನೋಡುವುದೇ ಇಲ್ಲ. ಜೆಪೆಗ್ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಆರಂಭದ ಬೈಟ್‌ಗಳನ್ನು ಹುಡುಕಿ ಅಲ್ಲಿಂದ ಮುಂದಕ್ಕೆ ಕತ್ತರಿಸಿಕೊಳ್ಳುತ್ತದೆ. ಹೆಸರು ಇದ್ದದ್ದು ಹಳೆಯ ಎಂಎಫ್‌ಟಿಯಲ್ಲಿ. ಅದರ ಬಹುಭಾಗ ಟ್ರಿಮ್‌ಗೆ ಹೋಗಿರಬೇಕು ಅಥವಾ ಹೊಸದರ ಅಡಿಯಲ್ಲಿ ಸಿಕ್ಕಿರಬೇಕು. ಬೂದು ಭಾಗ ಎಂದರೆ ಕಡತದ ಉಳಿದ ತುಂಡು ಬೇರೆಡೆ ಇತ್ತು, ಇಲ್ಲವೇ ಆ ಹೊತ್ತಿಗಾಗಲೇ ಸೊನ್ನೆಯಾಗಿತ್ತು. ಚಿತ್ರದ ಒಳಗಿನ ಎಕ್ಸಿಫ್ ದತ್ತಾಂಶದಲ್ಲಿ ಕ್ಯಾಮೆರಾದ ವೇಳೆ ಉಳಿದಿರಬಹುದು, ಎಕ್ಸಿಫ್‌ಟೂಲ್‌ನಲ್ಲಿ ನೋಡಿ.

ಹೆಕ್ಸ್‌ಓದುಗ

ಹೊಸಗಣ್ಣು ಅವರೇ, ಮುಂದಿನ ಅಭ್ಯಾಸಕ್ಕೆ ನೀವೇ ಡಿಸ್ಕ್ ತಯಾರಿಸುವುದಕ್ಕಿಂತ ಎನ್‌ಐಎಸ್‌ಟಿಯ ಸಿಎಫ್‌ರೆಡ್ಸ್ ಸಂಗ್ರಹದಿಂದ "ಹ್ಯಾಕಿಂಗ್ ಕೇಸ್" ಇಮೇಜ್ ಇಳಿಸಿಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಕಾಲದ ಲ್ಯಾಪ್‌ಟಾಪ್ ಅದು, 31 ಪ್ರಶ್ನೆಗಳೂ ಉತ್ತರಗಳೂ ಇವೆ. ಹಳೆಯದು ಎಂದು ಮೂಗು ಮುರಿಯಬೇಡಿ. ಟ್ರಿಮ್ ಕಾಟ ಇಲ್ಲದ್ದರಿಂದ ಪ್ರತಿ ಉತ್ತರವನ್ನೂ ಎರಡು ಸಲಕರಣೆಗಳಲ್ಲಿ ತಾಳೆ ನೋಡಬಹುದು.

ಹೊಸಗಣ್ಣು

ಇಳಿಸಿಕೊಂಡೆ. ಯಂತ್ರದ ಸಮಯವಲಯ ಯಾವುದು ಎಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದೇನೆ. ವಿಂಡೋಸ್ ರಿಜಿಸ್ಟ್ರಿಯ ಸಿಸ್ಟಂ ಹೈವ್ ಕಡತವನ್ನು ತೆರೆದರೆ ಎಲ್ಲರೂ ಹೇಳುವ ಕರೆಂಟ್ ಕಂಟ್ರೋಲ್ ಸೆಟ್ ಅಲ್ಲಿ ಇಲ್ಲವೇ ಇಲ್ಲ.

ಹೆಕ್ಸ್‌ಓದುಗ

ಇರುವುದಿಲ್ಲ. ಅದು ವಿಂಡೋಸ್ ಓಡುತ್ತಿರುವಾಗ ಮಾತ್ರ ಹುಟ್ಟುವ ಕೊಂಡಿ. ಹೈವ್‌ನ ಮೇಲುಮಟ್ಟದಲ್ಲಿ ಸೆಲೆಕ್ಟ್ ಎಂಬ ಕೀ ಇದೆ, ಅದರೊಳಗೆ ಕರೆಂಟ್ ಎಂಬ ಮೌಲ್ಯವನ್ನು ನೋಡಿ. 1 ಇದ್ದರೆ ಕಂಟ್ರೋಲ್‌ಸೆಟ್001ರ ಒಳಗೆ ಹೋಗಿ, 2 ಇದ್ದರೆ 002. ಅಲ್ಲಿ ಕಂಟ್ರೋಲ್, ಅದರ ಕೆಳಗೆ ಟೈಮ್‌ಝೋನ್ ಇನ್ಫರ್ಮೇಷನ್. ಆ್ಯಕ್ಟಿವ್ ಟೈಮ್ ಬಯಾಸ್ ಎಂಬ ಸಂಖ್ಯೆ ನಿಮಿಷಗಳಲ್ಲಿರುತ್ತದೆ, ಯುಟಿಸಿ ಪಡೆಯಲು ಸ್ಥಳೀಯ ವೇಳೆಗೆ ಅದನ್ನು ಕೂಡಿಸಬೇಕು. ಬೇಸಿಗೆಯ ವೇಳೆ ಜಾರಿಯಲ್ಲಿದ್ದರೆ ಅದು ಬಯಾಸ್ ಎಂಬ ಇನ್ನೊಂದು ಸಂಖ್ಯೆಗಿಂತ ಬೇರೆ ಇರುತ್ತದೆ, ಎರಡನ್ನೂ ಬರೆದುಕೊಳ್ಳಿ.